ಕಾಲೇಜು ಆರಿಸುವ ಮೊದಲು ಅಪ್ಪನ ರಿಟೈರ್‌ಮೆಂಟ್ ನೋಡಿ

ಸಿಇಟಿ ರಿಸಲ್ಟ್ ಬಂದ ದಿನದಿಂದ ನಮ್ಮ ಕಡೆ ಮದುವೆ ಮನೆಗೆ ಹೋದರೂ, ಬಸ್ಸಿನಲ್ಲಿ ಕೂತರೂ ಒಂದೇ ಪ್ರಶ್ನೆ: 'ರ‍್ಯಾಂಕ್ ಎಷ್ಟು? ಯಾವ ಕಾಲೇಜು?' ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಸೇನೆಗೆ ಹೋದವರ ಮನೆಗಳು ಬೇಕಾದಷ್ಟಿವೆ. ಆ ಮನೆಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಅಪ್ಪ ರಿಟೈರ್ ಆಗುವುದು ಯಾವಾಗ?

ವಿಚಿತ್ರ ಅನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. 18-19ನೇ ವಯಸ್ಸಿಗೆ ಸೇನೆ ಸೇರಿದ ಜವಾನ 40ರ ಆಸುಪಾಸಿನಲ್ಲೇ ಊರಿಗೆ ಮರಳುತ್ತಾರೆ. ಬೇರೆ ನೌಕರರಿಗೆ ಸಂಬಳ ಏರುತ್ತಿರುವ ವಯಸ್ಸಿನಲ್ಲಿ ಇವರ ಕೈಗೆ ಬರುವುದು ಕೊನೆಯ ಸಂಬಳದ ಸುಮಾರು ಅರ್ಧದಷ್ಟು ಪಿಂಚಣಿ. ಸರಿಯಾಗಿ ಅದೇ ಹೊತ್ತಿಗೆ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿರುತ್ತಾರೆ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ನಾನು ಹತ್ತನೇ ತರಗತಿ ಮುಗಿಸಿದ ವರ್ಷ ಅಪ್ಪ ಹವಾಲ್ದಾರ್ ಆಗಿ ರಿಟೈರ್ ಆದರು. ಪೋಸ್ಟಿಂಗ್ ಬದಲಾದ ಹಾಗೆ ನಾಲ್ಕು ಕೇಂದ್ರೀಯ ವಿದ್ಯಾಲಯ ಸುತ್ತಿದ್ದ ನಾನು ಪಿಯುಸಿಗೆ ಊರಿಗೆ ಬಂದೆ. ಸಿಇಟಿ ಅರ್ಜಿ ತುಂಬುವಾಗಲೇ ಗೊತ್ತಾಗಿದ್ದು, ಊರಿನವಳಾಗಿದ್ದರೂ ಕಾಗದದಲ್ಲಿ ನಾನು ಪೂರ್ತಿ ಊರಿನವಳಲ್ಲ ಅಂತ. ಅಜ್ಜನ ಮನೆ ಇರುವುದು ಕಡಬದ ಒಂದು ಹಳ್ಳಿಯ ಅಡಿಕೆ ತೋಟದ ನಡುವೆ. ಆದರೂ ಗ್ರಾಮೀಣ ಮೀಸಲಾತಿ ನನಗಿಲ್ಲ. ಅದಕ್ಕೆ 1ರಿಂದ 10ರವರೆಗೆ ಕರ್ನಾಟಕದ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಯೂ ಹಾಗೆಯೇ, ಹತ್ತು ವರ್ಷ ಕನ್ನಡದಲ್ಲಿ ಕಲಿತವರಿಗೆ ಮಾತ್ರ.

ಹಾಗೆಂದು ಬಾಗಿಲು ಮುಚ್ಚಿಲ್ಲ. ಕರ್ನಾಟಕದಲ್ಲಿ ಏಳು ವರ್ಷ ಓದದ ಸೈನಿಕರ ಮಕ್ಕಳಿಗೂ ಸಿಇಟಿ ಸೀಟಿಗೆ ದಾರಿ ಇದೆ. ಸೇನೆಗೆ ಸೇರುವಾಗ ಅಪ್ಪ ಕರ್ನಾಟಕದ ಊರನ್ನು ಸ್ವಂತ ಊರೆಂದು ಬರೆಸಿರಬೇಕು, ಅದಕ್ಕೆ ದಾಖಲೆ ಕೊಡಬೇಕು. ಆ ಕಾಗದ ಬರಬೇಕಾದದ್ದು ಎಲ್ಲೋ ದೂರದ ರೆಕಾರ್ಡ್ ಆಫೀಸಿನಿಂದ. ಅಪ್ಪ ಗಡಿಯಲ್ಲಿದ್ದರೆ ಫೋನ್ ಸಿಗುವುದೇ ಕಷ್ಟ, ಇನ್ನು ಸಹಿ ಬೇಗ ಸಿಗುತ್ತದೆಯೇ? ಆದ್ದರಿಂದ ಎರಡನೇ ಪಿಯುಸಿಯಲ್ಲಿರುವಾಗ ಅಪ್ಪ ರಜೆಗೆ ಬಂದರೆ ಮೊದಲು ಈ ಕೆಲಸ ಮುಗಿಸಿಕೊಳ್ಳಿ. ರಿಟೈರ್ ಆಗಿದ್ದರೆ ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ.

ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಸಿಇಟಿಯಲ್ಲಿ ವಿಶೇಷ ವರ್ಗದ ಸೀಟುಗಳೂ ಇವೆ. ಅಲ್ಲಿ ಮೊದಲ ಆದ್ಯತೆ ಯುದ್ಧದಲ್ಲಿ ಮಡಿದವರ, ಅಂಗಾಂಗ ಕಳೆದುಕೊಂಡವರ ಮಕ್ಕಳಿಗೆ. ಅದು ನ್ಯಾಯ ಕೂಡ. ನಾವು ಅರ್ಜಿ ಹಾಕೋಣ, ಆದರೆ ಅದನ್ನೇ ನಂಬಿ ಕೂರುವುದು ಬೇಡ.

ಇನ್ನು ದುಡ್ಡಿನ ಮಾತು. ಪ್ರಧಾನಮಂತ್ರಿ ವಿದ್ಯಾರ್ಥಿವೇತನವನ್ನು ಕೇಂದ್ರೀಯ ಸೈನಿಕ ಮಂಡಳಿ ವರ್ಷಕ್ಕೆ 5,500 ಮಕ್ಕಳಿಗೆ ಕೊಡುತ್ತದೆ. ಹುಡುಗಿಯರಿಗೆ ತಿಂಗಳಿಗೆ 3,000 ರೂಪಾಯಿ, ಹುಡುಗರಿಗೆ 2,500. ಹುಡುಗಿಯೊಬ್ಬಳಿಗೆ ನಾಲ್ಕು ವರ್ಷಕ್ಕೆ 1,44,000 ರೂಪಾಯಿ ಆಯಿತು. ಪಿಯುಸಿಯಲ್ಲಿ ಶೇ. 60 ಅಂಕ ಬೇಕು. ಮುಖ್ಯ ವಿಷಯ ಎರಡು. ಇದು ಮಾಜಿ ಸೈನಿಕರ ಮಕ್ಕಳಿಗೆ, ಸೇವೆಯಲ್ಲಿರುವವರ ಮಕ್ಕಳಿಗೆ ಸಿಗುವುದಿಲ್ಲ. ಅರ್ಜಿ ಹಾಕಬೇಕಾದದ್ದು ಮೊದಲ ವರ್ಷದಲ್ಲೇ. ನೀವು ಎರಡನೇ ವರ್ಷದಲ್ಲಿರುವಾಗ ಅಪ್ಪ ರಿಟೈರ್ ಆದರೆ ಸಂಬಳವೂ ಇಳಿಯುತ್ತದೆ, ಈ ಹಣವೂ ಸಿಗುವುದಿಲ್ಲ. ರಿಟೈರ್‌ಮೆಂಟ್ ನೋಡಿ ಅಂದದ್ದು ಇದಕ್ಕೇ.

ಸುಳ್ಯ ಕಡೆಯ ನನ್ನ ಗೆಳತಿಯ ಅಪ್ಪ ಇನ್ನೂ ಸೇವೆಯಲ್ಲಿದ್ದಾರೆ. ಅವಳು ಜೆಇಇ ಮೇನ್ ಬರೆದು ಪುಣೆಯ ಆರ್ಮಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಸೇರಿದಳು. 1994ರಲ್ಲಿ ಶುರುವಾದ ಈ ಕಾಲೇಜು ಭೂಸೇನೆಯವರ ಮಕ್ಕಳಿಗೆಂದೇ ಇರುವುದು. ಅವಳ ಓದು ಮುಗಿಯುವವರೆಗೂ ಮನೆಗೆ ಸಂಬಳ ಬರುತ್ತದೆ, ಅವಳ ಲೆಕ್ಕ ಸರಿ.

ನನ್ನ ಲೆಕ್ಕ ಬೇರೆ ಇತ್ತು. ಬೆಂಗಳೂರಿನ ಒಂದು ಕಾಲೇಜು ಸಿಗುವ ಹಾಗಿತ್ತು. 'ಫೀಸಿನ ತಲೆಬಿಸಿ ನಿನಗೆ ಬೇಡ ಮಗಾ, ಬೇಕಾದ್ರೆ ನಾನು ಅಲ್ಲೇ ಸೆಕ್ಯುರಿಟಿ ಕೆಲಸಕ್ಕೆ ಸೇರ್ತೇನೆ' ಅಂದರು ಅಪ್ಪ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮನೆಯಿಂದ ದೂರ ಇದ್ದವರು. ಅಮ್ಮ ಒಬ್ಬರೇ ತೋಟ, ಅಜ್ಜ ಅಜ್ಜಿ ಎಲ್ಲವನ್ನೂ ನೋಡಿಕೊಂಡವರು. ನನ್ನ ಹಾಸ್ಟೆಲ್ ಫೀಸಿಗಾಗಿ ಅಪ್ಪ ಮತ್ತೆ ಯೂನಿಫಾರ್ಮ್ ಹಾಕಿ ಯಾವುದೋ ಗೇಟಿನಲ್ಲಿ ನಿಲ್ಲುವುದು ನನಗೆ ಬೇಡವಾಗಿತ್ತು. ಪುತ್ತೂರಿನಲ್ಲೂ ಸುಳ್ಯದಲ್ಲೂ ವಿಟಿಯು ಅಡಿ ಬರುವ ಎಂಜಿನಿಯರಿಂಗ್ ಕಾಲೇಜುಗಳಿವೆ. ಸುಳ್ಯದ ಕೆವಿಜಿ ಕಾಲೇಜು 1986ರದ್ದು, ಪುತ್ತೂರಿನ ವಿವೇಕಾನಂದ 2001ರದ್ದು. ಮನೆಯಿಂದ ಹೋಗಿ ಬರುವಷ್ಟು ಹತ್ತಿರದ ಸೀಟನ್ನೇ ನಾನು ಆರಿಸಿಕೊಂಡೆ.

ಹತ್ತಿರದ್ದೇ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಬ್ರೋಷರ್ ನೋಡಿ ಮಾತ್ರ ನಿರ್ಧರಿಸಬೇಡಿ. ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಸಿಗುವಂಥದ್ದು, ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ. ನಿಮ್ಮ ಬ್ರಾಂಚಿಗೆ ಇದೆಯೇ ಕೇಳಿ. ಕೊನೆಯ ವರ್ಷದ ಸೀನಿಯರ್‌ಗಳ ಹತ್ತಿರ ಲ್ಯಾಬ್, ಲೆಕ್ಚರರ್, ಕ್ಯಾಂಪಸ್ ಇಂಟರ್‌ವ್ಯೂ ಹೇಗೆ ಅಂತ ವಿಚಾರಿಸಿ. ಅಣಕು ಸೀಟು ಹಂಚಿಕೆಯ ಫಲಿತಾಂಶ ನೋಡಿ ಆಪ್ಷನ್‌ಗಳ ಕ್ರಮ ಬದಲಿಸಿ. ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವ ಅವಕಾಶವೂ ಇದೆ.

ಸೈನಿಕರ ಮಕ್ಕಳು ಚಿಕ್ಕಂದಿನಿಂದ ಪೋಸ್ಟಿಂಗ್ ಆರ್ಡರ್ ಹೇಳಿದ ಕಡೆ ಹೋದವರು. ಶಾಲೆಯನ್ನು ನಮಗೆ ಯಾರೂ ಕೇಳಿ ಆರಿಸಿದ್ದಲ್ಲ. ನಾವೇ ಆರಿಸುವ ಮೊದಲ ಜಾಗ ಕಾಲೇಜು. ಹಾಗಾಗಿ ಆಪ್ಷನ್ ಎಂಟ್ರಿಗೆ ಕೂರುವ ಮೊದಲು ಅಪ್ಪ ಅಮ್ಮನ ಜತೆ ಒಂದು ಸಂಜೆ ಕೂತು, ನಾಲ್ಕು ವರ್ಷದ ಖರ್ಚು ಒಂದು ಕಡೆ, ಮನೆಗೆ ಬರುವ ಹಣ ಇನ್ನೊಂದು ಕಡೆ ಬರೆದು ನೋಡಿ.