ನುಡಿಸಿ ನೋಡದೆ ಕೊಳ್ಳುವ ಗಿಟಾರು

ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆಯುತ್ತಿದ್ದ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ಹುಡುಗ ಗಿಟಾರಿನ ಆಸೆಗೆ ಮನೆಯಲ್ಲಿ ಉಳಿದಿದ್ದ ಕೊನೆಯ ಕುದುರೆಯನ್ನು ಮಾರಿಬಿಟ್ಟ. ಬಂದದ್ದು ಸುಮಾರು 15 ಡಾಲರ್. ಅರ್ಧವನ್ನು ಅಜ್ಜಿಯ ಕೈಗಿಟ್ಟ. ತನ್ನ ಪಾಲಿನಲ್ಲಿ ಎರಡೂವರೆ ಡಾಲರ್ ತೆತ್ತು ಸ್ಟೆಲ್ಲಾ ಎಂಬ ಅಗ್ಗದ ಗಿಟಾರು ಕೊಂಡ. ಆ ಸೀಮೆಯ ಜನ ಸ್ಟೆಲ್ಲಾ ಗಿಟಾರುಗಳನ್ನು ಶಿಕಾಗೋದ ಸಿಯರ್ಸ್ ರೋಬಕ್ ಕಂಪನಿಯಿಂದ ತರಿಸಿಕೊಳ್ಳುತ್ತಿದ್ದರಂತೆ. ಮುಂದೆ ಈ ಹುಡುಗನೇ ಮಡ್ಡಿ ವಾಟರ್ಸ್ ಆಗಿ ಶಿಕಾಗೋಗೆ ಹೋಗಿ ಬ್ಲೂಸ್ ಸಂಗೀತಕ್ಕೆ ಕರೆಂಟು ಹರಿಸಿದ.

ಕಣ್ಣಿಂದ ನೋಡದೆ, ಕೈಯಿಂದ ಮುಟ್ಟದೆ ವಾದ್ಯ ಕೊಳ್ಳುವುದು ಮೊಬೈಲ್ ಕಾಲದ ಹುಚ್ಚು ಎನ್ನುವವರಿಗೆ ಈ ಕುದುರೆಯ ಕಥೆ ಹೇಳಬೇಕು. ಅಮೆರಿಕದ ಅಂಚೆ ಇಲಾಖೆ ಹಳ್ಳಿಯ ಮನೆಬಾಗಿಲಿಗೇ ಪತ್ರ ತಲುಪಿಸಲು ಹೊರಟದ್ದು 1896ರಲ್ಲಿ. 1913ರ ಜನವರಿ 1ರಿಂದ ದೊಡ್ಡ ಪಾರ್ಸೆಲ್ಲುಗಳೂ ಅಂಚೆಯಲ್ಲೇ ಬರತೊಡಗಿದವು. ಸಿಯರ್ಸ್‌ನ ಕ್ಯಾಟಲಾಗ್ ಹಿಡಿದು ಕೂತರೆ ನೇಗಿಲು, ಹೊಲಿಗೆ ಯಂತ್ರ, ಗಿಟಾರು ಎಲ್ಲವನ್ನೂ ಚಿತ್ರ ನೋಡಿಯೇ ಆರಿಸಬಹುದಿತ್ತು. ಉಕುಲೇಲೆ ಎಂಬ ಪುಟ್ಟ ತಂತಿವಾದ್ಯದ ವ್ಯಾಪಾರವನ್ನು ಕೈವಶ ಮಾಡಿಕೊಳ್ಳಲು 1916ರಲ್ಲಿ ಕಂಪನಿ ಹಾರ್ಮನಿ ಎಂಬ ವಾದ್ಯದ ಕಾರ್ಖಾನೆಯನ್ನೇ ಕೊಂಡುಕೊಂಡಿತು. ಜನರಿಗೆ ಧೈರ್ಯ ತಂದದ್ದು ಚಿತ್ರಕ್ಕಿಂತ ಹೆಚ್ಚಾಗಿ ಒಂದು ಮಾತು: ಹಿಡಿಸದಿದ್ದರೆ ಹಣ ವಾಪಸ್.

ಇವತ್ತು ಹಾವೇರಿಯಲ್ಲೋ ಶಿರಸಿಯಲ್ಲೋ ಕೂತು ಫೆಂಡರ್ ಕಂಪನಿಯದ್ದೇ ಆದ ಸ್ಕ್ವಾಯರ್ ಬ್ರ್ಯಾಂಡಿನ ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರನ್ನು ಆರ್ಡರ್ ಮಾಡಲೇ ಬೇಡವೇ ಎಂದು ಬೆರಳು ಎತ್ತಿಟ್ಟುಕೊಂಡಿರುವ ಹುಡುಗಿಯ ಸ್ಥಿತಿ ಬೇರೆಯೇನಲ್ಲ. ತರಿಸುವ ಗಿಟಾರು ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ಟೆಲಿಕಾಸ್ಟರ್ ಆದರೆ ತರಿಸಬಹುದು ಎನ್ನುತ್ತೇನೆ. ಕಾರಣಕ್ಕೆ ಎಪ್ಪತ್ತು ವರ್ಷ ದಾಟಿದ ಇತಿಹಾಸವಿದೆ.

ನಮ್ಮ ವೀಣೆಯನ್ನು ನೆನೆಯಿರಿ. ಅದರ 24 ಮೆಟ್ಟಿಲುಗಳು ಕೂರುವುದು ಮೇಣದ ಮೇಲೆ. ಒಂದೊಂದನ್ನೂ ಕುಶಲಕರ್ಮಿ ಕಿವಿಗೊಟ್ಟು ಕೇಳಿ, ಕೂದಲೆಳೆಯಷ್ಟು ಸರಿಸಿ ಕೂರಿಸುತ್ತಾನೆ. ಸೆಕೆಗೆ ಮೇಣ ಸಡಿಲವಾದರೆ ಮತ್ತೆ ಅವನೇ ಬೇಕು. ಅಂಥ ವಾದ್ಯವನ್ನು ಪಾರ್ಸೆಲ್ಲಿನಲ್ಲಿ ತರಿಸುವುದೆಂದರೆ ಮಾಡಿದವನನ್ನು ಬಿಟ್ಟು ಅವನ ಕೆಲಸವನ್ನಷ್ಟೇ ತರಿಸಿದ ಹಾಗೆ.

ಟೆಲಿಕಾಸ್ಟರ್ ಇದಕ್ಕೆ ತದ್ವಿರುದ್ಧ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್‌ಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ನನ್ನ ಪ್ರಕಾರ ಅದು ಅವರ ದೊಡ್ಡ ಅದೃಷ್ಟ. ಸಂಗೀತಗಾರನಾಗಿದ್ದರೆ ನಾದದ ಹಿಂದೆ ಬೀಳುತ್ತಿದ್ದರೇನೋ; ಅವರು ರಿಪೇರಿಯವರಾಗಿ ಯೋಚಿಸಿದರು. ಕೆಟ್ಟರೆ ಬಿಚ್ಚುವುದು ಹೇಗೆ, ಮತ್ತೆ ಕೂಡಿಸುವುದು ಹೇಗೆ? 1950ರಲ್ಲಿ ಅವರ ಕಾರ್ಖಾನೆಯಿಂದ ಹೊರಬಂದ ಗಿಟಾರಿಗೆ ಪೊಳ್ಳು ಹೊಟ್ಟೆ ಇರಲಿಲ್ಲ, ಇದ್ದದ್ದು ಗಟ್ಟಿ ಮರದ ಹಲಗೆ. ಮೇಪಲ್ ಮರದ ಕುತ್ತಿಗೆಯನ್ನು, ಅಂದರೆ ನೆಕ್ಕನ್ನು, ಅಂಟು ಹಾಕದೆ ನಾಲ್ಕು ತಿರುಪುಗಳಿಂದ ಬಿಗಿದಿದ್ದರು. ಸವೆದರೆ ಬಿಚ್ಚಿ ಇನ್ನೊಂದು ಹಾಕಿದರಾಯಿತು. ಬ್ರಾಡ್‌ಕಾಸ್ಟರ್ ಎಂಬ ಅದರ ಹೆಸರಿಗೆ ಡ್ರಮ್ ತಯಾರಿಸುವ ಗ್ರೆಟ್ಶ್ ಕಂಪನಿ ತಕರಾರು ತೆಗೆಯಿತು. ಕೆಲ ಕಾಲ ಹೆಸರೇ ಇಲ್ಲದೆ ಮಾರಾಟವಾಗಿ, 1951ರಲ್ಲಿ ಅದು ಟೆಲಿಕಾಸ್ಟರ್ ಆಯಿತು.

ಇದರಲ್ಲಿ ಮೆಟ್ಟಿಲಿನ ಜಾಗ ಗೊತ್ತುಮಾಡುವುದು ಕಿವಿಯಲ್ಲ, ಲೆಕ್ಕ. ತಂತಿಯ ಉದ್ದ 25.5 ಇಂಚು. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ, ಅಂದರೆ ಮೆಟ್ಟಿಲಿನ, ದೂರ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದರದ್ದು. ಗರಗಸಕ್ಕೆ ಈ ಲೆಕ್ಕ ಒಮ್ಮೆ ಕೂಡಿಸಿಕೊಟ್ಟರೆ ನೂರನೆಯ ನೆಕ್ಕೂ ಮೊದಲನೆಯದರ ಹಾಗೇ ಬರುತ್ತದೆ. ತಂತಿ ಎತ್ತರವಾದರೆ ಅದನ್ನು ಹೊರುವ ಬ್ರಿಡ್ಜಿನ ಪುಟ್ಟ ಸ್ಕ್ರೂ ತಿರುಗಿಸಬೇಕು. ನೆಕ್ ಬಾಗಿದರೆ ಒಳಗೆ ಹಾಯುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಬಿಗಿಯಬೇಕು. ಹಳೆಯ ನಮೂನೆಯ ಬ್ರಿಡ್ಜಿನಲ್ಲಿ ಆರು ತಂತಿಗೆ ಮೂರೇ ಹಿತ್ತಾಳೆಯ ಆಸರೆಗಳು. ಹಾಗಾಗಿ ಎರಡೆರಡು ತಂತಿಗಳ ಶ್ರುತಿ ಒಂದಕ್ಕೊಂದು ರಾಜಿಯಾಗಿಯೇ ಇರಬೇಕು. ಅದನ್ನೇ ಇಷ್ಟಪಡುವ ಹಟಮಾರಿಗಳಿದ್ದಾರೆ!

ವಿಚಿತ್ರವೆಂದರೆ, ಪಾರ್ಸೆಲ್ಲಿಗೆಂದೇ ಹುಟ್ಟಿದ ಎಲೆಕ್ಟ್ರಿಕ್ ಗಿಟಾರು ಟೆಲಿಕಾಸ್ಟರ್ ಅಲ್ಲ. ಆ ಮಾತು ಸಲ್ಲುವುದು 1960ರ ದಶಕದ ಆರಂಭದಲ್ಲಿ ಸಿಯರ್ಸ್ ಮಾರಿದ ಸಿಲ್ವರ್‌ಟೋನ್‌ಗೆ. ನ್ಯೂಜೆರ್ಸಿಯಲ್ಲಿ ನೇಥನ್ ಡೇನಿಯಲ್ ಅವರ ಡ್ಯಾನ್‌ಎಲೆಕ್ಟ್ರೋ ಕಾರ್ಖಾನೆ ಅದನ್ನು ತಯಾರಿಸಿಕೊಡುತ್ತಿತ್ತು. ಮರದ ಚೌಕಟ್ಟು, ಮೇಲೆ ಕೆಳಗೆ ಮ್ಯಾಸೊನೈಟ್ ಎಂಬ ಒತ್ತುಹಲಗೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿನ ಸುರುಳಿ ಕೂತದ್ದು ಲಿಪ್‌ಸ್ಟಿಕ್ ಕೊಳವೆಯೊಳಗೆ. ಗಿಟಾರು ಇಡುವ ಪೆಟ್ಟಿಗೆಯಲ್ಲೇ ಆಂಪ್ಲಿಫೈಯರು, ಸ್ಪೀಕರು ಎರಡೂ ಇದ್ದವು. ಒಂದು ಪಿಕಪ್ಪಿನ ಮಾದರಿಗೆ ಬೆಲೆ 70 ಡಾಲರಿನ ಒಳಗೆ. ಪೆಟ್ಟಿಗೆ ಬಿಚ್ಚಿ ಪ್ಲಗ್ ಚುಚ್ಚಿದ ದಿನವೇ ಹಜಾರದಲ್ಲಿ ಗದ್ದಲ ಶುರು. ಅಗ್ಗದ್ದೆಂದು ಮೂಗು ಮುರಿಯುವಂತಿಲ್ಲ. ಲೆಡ್ ಝೆಪ್ಪಲಿನ್ ತಂಡದ ಜಿಮ್ಮಿ ಪೇಜ್ 'ಕಾಶ್ಮೀರ್' ಹಾಡಿಗೆ ವೇದಿಕೆಯಲ್ಲಿ ಹಿಡಿಯುತ್ತಿದ್ದದ್ದು ಇದೇ ಕಾರ್ಖಾನೆಯ ಗಿಟಾರನ್ನು.

ಆದರೆ ಅಂದಿನ ಸಿಲ್ವರ್‌ಟೋನನ್ನು ಇಂದು ನೋಡದೆ ಕೊಳ್ಳಬೇಡಿ. ಅದರ ನೆಕ್ಕಿನೊಳಗಿನ ಉಕ್ಕಿನ ಪಟ್ಟಿಗಳು ತಿರುಗಿಸಲು ಬರುವಂಥವಲ್ಲ. ಅರವತ್ತು ವರ್ಷದಲ್ಲಿ ಮರ ಎತ್ತ ಬಾಗಿದೆಯೋ ಅತ್ತ ಬಾಗಿದೆ. ಫೆಂಡರ್ ತಮ್ಮ ಗಿಟಾರನ್ನು ಅಂಗಡಿಗಳಿಗೆ ಕೊಟ್ಟು ಮಾರಿಸಿದರು. ತಿದ್ದಲು ಬರುವ ಕಾರಣಕ್ಕೆ ಅದೇ ಕೊರಿಯರ್ ಕಾಲಕ್ಕೆ ಹೆಚ್ಚು ಹೊಂದಿಕೊಂಡಿತು.

ಗಿಬ್ಸನ್ ಕಂಪನಿ 1952ರಲ್ಲಿ ತಂದ ಲೆಸ್ ಪಾಲ್ ಇನ್ನೊಂದು ತುದಿ. ನೆಕ್ಕನ್ನು ಅಂಟು ಹಾಕಿ ಕೂಡಿಸಿದ್ದು, ದೇಹ ಮಹಾಗನಿ, ಮೇಲೆ ಉಬ್ಬಾಗಿ ಕೆತ್ತಿದ ಮೇಪಲ್. ಶಿರ ಸುಮಾರು 17 ಡಿಗ್ರಿ ಹಿಂದಕ್ಕೆ ಬಾಗಿದೆ. ಶಿರ ನೆಕ್ಕಿಗೆ ಸೇರುವ ಜಾಗದಲ್ಲೇ ಟ್ರಸ್ ರಾಡಿಗೆಂದು ಮರ ಕೊರೆದಿರುವುದರಿಂದ ಅಲ್ಲಿ ನೆಕ್ ಇನ್ನೂ ಬಡವಾಗಿದೆ. ನಿಲ್ಲಿಸಿದ್ದು ಹಿಂದಕ್ಕೆ ಬಿದ್ದರೆ ಅಲ್ಲೇ ಮುರಿಯುತ್ತದೆ. ಅಂಟಿಸಿ ಬಣ್ಣ ಬಳಿದರೆ ಫೋಟೊದಲ್ಲಿ ಕಾಣುವುದಿಲ್ಲ. ತೂಕವೂ ಒಂದರಂತೆ ಇನ್ನೊಂದಿಲ್ಲ. ನಾಲ್ಕು ಕಿಲೊ ಮೀರಿದ್ದನ್ನು ಮೂರು ತಾಸು ಹೆಗಲಿಗೆ ಹಾಕಿಕೊಂಡವರಿಗೆ ಅದು ಗೊತ್ತು. 1980ರ ದಶಕದಲ್ಲಿ ಗಿಬ್ಸನ್ ದೇಹದೊಳಗೆ ತೂತು ಕೊರೆದು ಭಾರ ಇಳಿಸಲು ಹೊರಟದ್ದೂ ಇದಕ್ಕಾಗಿಯೇ.

ಈ ಗಿಟಾರುಗಳ ಜೊತೆ ನಮಗೂ ಒಂದು ನಂಟಿದೆ. 1960ರ ದಶಕದ ಕೊನೆಗೆ ಬ್ರೆಜಿಲ್ ದೇಶ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ತಡೆದ ಮೇಲೆ, ಗಿಟಾರು ಕಂಪನಿಗಳು ನೆಕ್ಕಿನ ಮೇಲಿನ ಪಟ್ಟಿಗೆ ಹೆಚ್ಚು ನೆಚ್ಚಿಕೊಂಡದ್ದು ನಮ್ಮ ಘಟ್ಟದ ಬೀಟೆಯನ್ನು. 2017ರಲ್ಲಿ ಆ ಜಾತಿಯ ಮರಗಳಿಗೆಲ್ಲ ಅಂತರರಾಷ್ಟ್ರೀಯ ಕಾಗದಪತ್ರ ಕಡ್ಡಾಯವಾದಾಗ ಅಗ್ಗದ ಗಿಟಾರುಗಳು ಬೇರೆ ಮರ ಹುಡುಕಿದವು. ಸಿದ್ಧವಾದ ವಾದ್ಯಗಳಿಗೆ 2019ರ ಕೊನೆಗೆ ವಿನಾಯಿತಿ ಸಿಕ್ಕಿತಾದರೂ ಸ್ಕ್ವಾಯರ್‌ನ ವಿವರಪಟ್ಟಿಯಲ್ಲಿ 'ಇಂಡಿಯನ್ ಲಾರೆಲ್' ಉಳಿದುಕೊಂಡಿದೆ. ಮಲೆನಾಡಿನವರಿಗೆ ಅದು ಮತ್ತಿ ಮರ. ಯಾವ ಮರವಾದರೂ ಒಣಹವೆಗೆ ಕುಗ್ಗುತ್ತದೆ, ಆಗ ಫ್ರೆಟ್ಟುಗಳ ತುದಿ ಹೊರಚಾಚಿ ಅಂಗೈಗೆ ತರಚುತ್ತದೆ. ತೇವದ ಇಂಡೊನೇಷ್ಯಾದಲ್ಲಿ ತಯಾರಾದದ್ದು ಬೇಸಿಗೆಯ ಬಯಲುಸೀಮೆಗೆ ಬಂದಿಳಿದರೆ ಹೀಗಾಗುವುದು ಸಹಜ. ಅರ ಹಿಡಿದು ಉಜ್ಜಿದರೆ ಸರಿಹೋಗುತ್ತದೆ.

ಮೊದಲು ಕ್ಯಾಟಲಾಗಿನ ಚಿತ್ರ ಮಾದರಿಯದ್ದಾಗಿರುತ್ತಿತ್ತು, ಬರುವ ಗಿಟಾರು ಬೇರೆಯದೇ. ಈಗ ಅಮೆರಿಕದ ಸ್ವೀಟ್‌ವಾಟರ್‌ನಂಥ ದೊಡ್ಡ ಅಂಗಡಿ ತುಸು ದುಬಾರಿ ಗಿಟಾರುಗಳ ಪ್ರತಿಯೊಂದರ ಫೋಟೊ, ಕ್ರಮಸಂಖ್ಯೆ, ತೂಕ ಹಾಕಿ ಮಾರುತ್ತದೆ. ನಮ್ಮಲ್ಲಿ ಅದನ್ನು ಕೇಳಿ ಪಡೆಯಬೇಕು. ಹಳೆಯ ಟೆಲಿಕಾಸ್ಟರ್ ಆದರೆ ಮಾರುವವರಿಂದ ಇಷ್ಟು ತರಿಸಿಕೊಳ್ಳಿ: ತಕ್ಕಡಿಯ ಮೇಲಿಟ್ಟ ಫೋಟೊ, ಶಿರದ ಕಡೆಯಿಂದ ನೆಕ್ ಉದ್ದಕ್ಕೂ ಕಣ್ಣೋಡಿಸುವಂತೆ ತೆಗೆದ ಚಿತ್ರ, ಟ್ರಸ್ ರಾಡ್ ಎರಡೂ ಕಡೆ ತಿರುಗುವುದನ್ನು ತೋರಿಸುವ ವೀಡಿಯೊ. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ನಾಲ್ಕು ಮಿಲಿಮೀಟರ್ ಎತ್ತರದಲ್ಲಿದೆ ಎಂದರೂ ಗಾಬರಿ ಬೇಡ, ಎರಡಕ್ಕೆ ಇಳಿಸಬಹುದು. ನೆಕ್ ಹಗ್ಗದಂತೆ ತಿರುಚಿದೆ ಎಂದಾದರೆ ಮಾತ್ರ ಬಿಟ್ಟುಬಿಡಿ. ಅದನ್ನು ಯಾವ ಸ್ಕ್ರೂವೂ ತಿದ್ದದು. ಹೊಸದಾದರೆ ವಾಪಸಿಗೆ ಎಷ್ಟು ದಿನ, ಮರಳಿ ಕಳಿಸುವ ಖರ್ಚು ಯಾರದ್ದು ಎಂದು ಓದಿಕೊಂಡು ಆರ್ಡರ್ ಒತ್ತಬಹುದು. ಅದೇ ಹಳೆಯ ಲೆಸ್ ಪಾಲ್ ಆದರೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ರೈಲಿದೆ.