ಒಂದು ಗಂಟೆ ಹಾರಾಟ, ಆದರೆ ವಿಮಾನ ಇದೆಯಾ?

ಕಲಬುರಗಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಮೊಬೈಲ್‌ನಲ್ಲಿ ಹುಡುಕಿದರೆ ಸುಮಾರು 530 ಕಿಲೋಮೀಟರ್, ಒಂದು ಗಂಟೆ ಚಿಲ್ಲರೆ ಅಂತ ಥಟ್ಟನೆ ಉತ್ತರ ಬರುತ್ತೆ. ಮಗಳನ್ನು ಮಂಗಳೂರಿನ ಕಾಲೇಜಿಗೆ ಸೇರಿಸಬೇಕು, ಅಪ್ಪನನ್ನು ಅಲ್ಲಿನ ಆಸ್ಪತ್ರೆಗೆ ತೋರಿಸಬೇಕು ಅನ್ನೋರಿಗೆ ಇದಕ್ಕಿಂತ ಸಮಾಧಾನ ಬೇಕಾ? ಆದರೆ ನಾನು ಹೇಳೋದಿಷ್ಟೇ, ಆ ಒಂದು ಗಂಟೆ ನಂಬಿಕೊಂಡು ಡಾಕ್ಟರ ಅಪಾಯಿಂಟ್‌ಮೆಂಟ್ ತಗೋಬೇಡಿ.

ಯಾಕೆ ಅಂತೀರಾ? ಆ 530 ಕಿ.ಮೀ. ಎಲ್ಲಿಂದ ಬಂತು ನೋಡಿ. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು, ಮಧ್ಯೆ ದಾರ ಎಳೆದ ಹಾಗೆ ಕಂಪ್ಯೂಟರ್ ಅಳೆದ ದೂರ ಅದು. ಅದನ್ನು ವಿಮಾನದ ವೇಗದಿಂದ ಭಾಗಿಸಿದರೆ ಸಮಯ ಸಿಕ್ಕಿತು. ಆ ದಾರಿಯಲ್ಲಿ ನಿಜಕ್ಕೂ ವಿಮಾನ ಓಡಾಡುತ್ತಾ ಅನ್ನೋದು ಆ ಲೆಕ್ಕಕ್ಕೆ ಗೊತ್ತೇ ಇರೋದಿಲ್ಲ.

ಇರಲಿ, ವಿಮಾನ ಇದೆ ಅಂತಲೇ ಇಟ್ಕೊಳ್ಳಿ. ಸಣ್ಣ ಊರುಗಳಿಗೆ ಹೆಚ್ಚಾಗಿ ಬರುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅದು ಮೇಲೇರಿದ ನಂತರದ ವೇಗ. ರನ್‌ವೇವರೆಗೆ ಉರುಳಬೇಕು, ನಿಧಾನವಾಗಿ ಏರಬೇಕು, ಇಳಿಯುವಾಗ ಸರದಿ ಕಾಯಬೇಕು. ಹಾಗಾಗಿ ಟಿಕೆಟ್‌ನಲ್ಲಿ ಬರೆಯೋದು ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಇಳಿದು ಮತ್ತೆ ನಿಲ್ಲೋವರೆಗಿನ ಸಮಯ. ಇದಕ್ಕೆ ಬ್ಲಾಕ್ ಟೈಮ್ ಅಂತಾರೆ.

ಇನ್ನು ನೇರ ವಿಮಾನ ಇಲ್ಲದಿದ್ದರೆ? ಬೆಂಗಳೂರಿಗೇ ಬರಬೇಕು. ಕಲಬುರಗಿ–ಬೆಂಗಳೂರು ಸುಮಾರು 460 ಕಿ.ಮೀ., ಬೆಂಗಳೂರು–ಮಂಗಳೂರು ಸುಮಾರು 305. ಒಟ್ಟು 765! ಮಧ್ಯೆ ಮುಂದಿನ ವಿಮಾನಕ್ಕೆ ಕಾಯೋ ಹೊತ್ತು ಬೇರೆ. ಗಂಟೆಯ ಪ್ರಯಾಣ ಅರ್ಧ ದಿನ ನುಂಗುತ್ತೆ.

ಹಾಗಾದರೆ ನೇರ ವಿಮಾನ ಬಿಡೋಕೆ ಏನು ಕಷ್ಟ? 2016ರಲ್ಲಿ ಕೇಂದ್ರ ಸರ್ಕಾರ ಉಡಾನ್ ಯೋಜನೆ ತಂದಿತು. ಸುಮಾರು 500 ಕಿ.ಮೀ., ಒಂದು ಗಂಟೆಯ ಹಾರಾಟಕ್ಕೆ ಒಂದಷ್ಟು ಸೀಟುಗಳ ದರ 2,500 ರೂಪಾಯಿ ಮೀರಬಾರದು ಅಂದಿತು. ಕಂಪನಿಗೆ ಆಗುವ ನಷ್ಟ ತುಂಬಿಕೊಡಲು ನೆರವು ಕೊಟ್ಟಿತು. ಆದರೆ ಆ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬಿದರಷ್ಟೇ ವಿಮಾನ. ಬೆಂಗಳೂರಿನ ವಿಮಾನ ತುಂಬುತ್ತೆ, ಯಾಕಂದ್ರೆ ಅಲ್ಲಿಂದ ಮುಂದೆ ಎಲ್ಲಿಗೆ ಬೇಕಾದರೂ ಹೋಗಬಹುದು. ಎರಡು ಜಿಲ್ಲಾ ಕೇಂದ್ರಗಳ ನಡುವೆ ದಿನಾ ಅಷ್ಟು ಜನ ಸಿಗೋದು ಕಷ್ಟ.

ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿದ್ದು 2019ರ ನವೆಂಬರ್ 22ರಂದು. ಆ ಭಾಗದ ಜನ ಎಷ್ಟೋ ವರ್ಷ ಕಾದು ಪಡೆದದ್ದು ಅದು. ಖುಷಿಯ ಮಾತೇ. ಆದರೆ ನಿಲ್ದಾಣ ಬೇರೆ, ವಿಮಾನ ಬೇರೆ.

ಆದ್ದರಿಂದ ಪ್ರಯಾಣಕ್ಕೆ ಮುಂಚೆ ಮೂರು ವಿಷಯ ನೋಡ್ಕೊಳ್ಳಿ. ನೇರ ವಿಮಾನವಾ? ವಾರದಲ್ಲಿ ಯಾವ್ಯಾವ ದಿನ? ವಾಪಸ್ ಬರೋದಕ್ಕೆ ಅದೇ ದಿನ ಸಿಗುತ್ತಾ? ಮನೆ ಬಾಗಿಲಿನಿಂದ ಆಸ್ಪತ್ರೆ ಬಾಗಿಲಿನವರೆಗೆ ಲೆಕ್ಕ ಹಾಕಿ. ರಾತ್ರಿ ಬಸ್ಸೇ ವಾಸಿ ಅನ್ನಿಸಿದರೆ ನಾಚಿಕೆ ಪಡಬೇಕಾಗಿಲ್ಲ.

ನಾಳೆ ನಿಮ್ಮೂರಿಗೂ ನಿಲ್ದಾಣ ತರ್ತೀವಿ ಅಂತ ಯಾರಾದರೂ ವೋಟು ಕೇಳೋಕೆ ಬಂದರೆ, ರನ್‌ವೇ ಎಷ್ಟು ಉದ್ದ ಅಂತ ಕೇಳಬೇಡಿ. ಇಲ್ಲಿಂದ ಎಲ್ಲಿಗೆ ವಿಮಾನ, ನೆರವು ನಿಂತ ಮೇಲೂ ಬರುತ್ತಾ ಅಂತ ಕೇಳಿ.