ಮನೆಯ ಕಂಪ್ಯೂಟರಿಗೆ ಪುಟ್ಟ ಕ್ಯಾಬಿನೆಟ್: ಆರಿಸುವ ಮುನ್ನ ಅಳೆಯಿರಿ

ಬಿಡಿ ಭಾಗಗಳನ್ನು ಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಪ್ರೊಸೆಸರ್ ಯಾವುದಿರಬೇಕು, ಮೆಮೊರಿ ಎಷ್ಟಿರಬೇಕು ಎಂದು ವಾರಗಟ್ಟಲೆ ವಿಚಾರಿಸುತ್ತಾರೆ. ಇವೆಲ್ಲವನ್ನೂ ಒಡಲಲ್ಲಿ ಇಟ್ಟುಕೊಳ್ಳುವ ಪೆಟ್ಟಿಗೆಯ ಸರದಿ ಬಂದಾಗ ಮಾತ್ರ "ಚಿಕ್ಕದು, ಅಗ್ಗದ್ದು ಯಾವುದಾದರೂ ಕೊಡಿ" ಎಂದುಬಿಡುತ್ತಾರೆ. ಅಂಗಡಿಯ ಮಾತಿನಲ್ಲಿ ಈ ಪೆಟ್ಟಿಗೆಗೆ ಕ್ಯಾಬಿನೆಟ್ ಎಂದು ಹೆಸರು. ಎಷ್ಟೋ ಮನೆಗಳಲ್ಲಿ ಇದನ್ನೇ ಸಿ.ಪಿ.ಯು. ಎಂದು ಕರೆಯುವ ರೂಢಿಯಿದೆ. ನಿಜಕ್ಕೂ ಸಿ.ಪಿ.ಯು. ಎಂದರೆ ಒಳಗೆ ಕೂರುವ, ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟೇ ಅಗಲದ ಪ್ರೊಸೆಸರ್ ಮಾತ್ರ.

ಚಿಕ್ಕ ಪೆಟ್ಟಿಗೆ ಬೇಕೆನ್ನುವುದು ತಪ್ಪೇನೂ ಅಲ್ಲ. ಎರಡು ಕೋಣೆಯ ಮನೆಯಲ್ಲಿ ಓದುವ ಮೇಜು, ಬೀರು, ಹೊಲಿಗೆ ಯಂತ್ರಗಳ ನಡುವೆ ಕಂಪ್ಯೂಟರಿಗೆ ಸಿಗುವ ಜಾಗ ಅಷ್ಟಕ್ಕಷ್ಟೆ. ಆದರೆ ಕಣ್ಣಂದಾಜಿನಲ್ಲಿ ತಂದ ಪೆಟ್ಟಿಗೆ ಎರಡು ಬಗೆಯಲ್ಲಿ ಕೈಕೊಡುತ್ತದೆ. ಒಂದೋ, ಕೊಂಡ ಭಾಗ ಅದರೊಳಗೆ ಹಿಡಿಸುವುದಿಲ್ಲ. ಇನ್ನೊಮ್ಮೆ ದುಡ್ಡು ಸುರಿಯಬೇಕು. ಇಲ್ಲವೇ, ಎಲ್ಲವೂ ಹಿಡಿಸಿದರೂ ಬಿಸಿಗಾಳಿಗೆ ಹೊರದಾರಿ ಸಾಲದೆ, ಮೇ ತಿಂಗಳ ಮಧ್ಯಾಹ್ನ ಮಗಳು ಪರೀಕ್ಷೆಗೆ ಕುಳಿತ ಹೊತ್ತಿನಲ್ಲೇ ಯಂತ್ರ ತೆವಳತೊಡಗುತ್ತದೆ. ಈ ಎರಡನ್ನೂ ತಪ್ಪಿಸುವ ಉಪಾಯ ಒಂದೇ: ಪೆಟ್ಟಿಗೆಯನ್ನು ಒಳಗಿನಿಂದ ಅಳೆದು ಆರಿಸುವುದು. ಒಂದು ಅಳತೆ ಟೇಪು, ಒಂದು ಚೀಟಿ ಹತ್ತಿರವಿಟ್ಟುಕೊಂಡು ಮುಂದೆ ಓದಿ.

ಮೂರು ಅಳತೆಯ ಬೋರ್ಡುಗಳು

ಪೆಟ್ಟಿಗೆಯ ಗಾತ್ರವನ್ನು ಮೊದಲು ತೀರ್ಮಾನಿಸುವುದು ಮದರ್‌ಬೋರ್ಡ್. ಇಂಟೆಲ್ ಸಂಸ್ಥೆ 1995ರಲ್ಲಿ ಎ.ಟಿ.ಎಕ್ಸ್. ಎಂಬ ಅಳತೆಯನ್ನು ಪ್ರಕಟಿಸಿತು. ಪೂರ್ಣ ಗಾತ್ರದ ಎ.ಟಿ.ಎಕ್ಸ್. ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ ಇರುತ್ತದೆ. 1997ರಲ್ಲಿ ಇದರ ತಮ್ಮನಂತೆ ಮೈಕ್ರೋ ಎ.ಟಿ.ಎಕ್ಸ್. ಬಂತು, ಇದರ ಗರಿಷ್ಠ ಅಳತೆ 244 ಮಿ.ಮೀ. ಚೌಕ. 2001ರಲ್ಲಿ ವಯಾ ಎಂಬ ಸಂಸ್ಥೆ 170 ಮಿ.ಮೀ. ಚೌಕದ ಮಿನಿ ಐ.ಟಿ.ಎಕ್ಸ್. ಬೋರ್ಡನ್ನು ತಂದಿತು. ಸ್ಕ್ರೂ ಕೂರುವ ತೂತುಗಳ ಜಾಗ ಈ ಅಳತೆಗಳಲ್ಲಿ ನಿಗದಿಯಾಗಿರುವುದರಿಂದ, ಇಂದು ಕೊಂಡ ಒಳ್ಳೆಯ ಪೆಟ್ಟಿಗೆ ಎರಡು ಮೂರು ತಲೆಮಾರಿನ ಬೋರ್ಡುಗಳಿಗೆ ಆಶ್ರಯ ಕೊಡಬಲ್ಲದು. ದೊಡ್ಡ ಕಂಪನಿಗಳು ಕಚೇರಿಗಳಿಗೆಂದು ಮಾರುವ ಸಿದ್ಧ ಕಂಪ್ಯೂಟರುಗಳ ಪುಟ್ಟ ಪೆಟ್ಟಿಗೆಗಳ ಮಾತು ಬೇರೆ. ಅವುಗಳಲ್ಲಿ ಬಹುಪಾಲು ತಮ್ಮದೇ ಅಳತೆಯ ಬೋರ್ಡು, ತಮ್ಮದೇ ವಿದ್ಯುತ್ ಘಟಕ ಇರುತ್ತವೆ. ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಖಾಲಿ ಪೆಟ್ಟಿಗೆಗಾಗಿ ಅದನ್ನು ಕೊಳ್ಳಬೇಡಿ.

ಮೂರರಲ್ಲಿ ಅತಿ ಚಿಕ್ಕದಾದ ಮಿನಿ ಐ.ಟಿ.ಎಕ್ಸ್. ಅತಿ ಅಗ್ಗವೂ ಆಗಿರಬೇಕೆಂದು ತೋರುವುದು ಸಹಜ. ವಾಸ್ತವ ಇದಕ್ಕೆ ವಿರುದ್ಧ. ಅಷ್ಟು ಕಿರಿದಾದ ಹಲಗೆಯಲ್ಲಿ ಎಲ್ಲವನ್ನೂ ಒತ್ತರಿಸಿ ಕೂರಿಸಬೇಕಾದ್ದರಿಂದ ಅದೇ ಗುಣಮಟ್ಟದ ಮೈಕ್ರೋ ಬೋರ್ಡಿಗಿಂತ ಅದರ ಬೆಲೆ ಸಾಮಾನ್ಯವಾಗಿ ಹೆಚ್ಚು. ಮೆಮೊರಿಗೆ ಎರಡೇ ಜಾಗ, ಕಾರ್ಡಿಗೆ ಒಂದೇ ಜಾಗ. ಅದಕ್ಕೊಪ್ಪುವ ಅತಿ ಪುಟ್ಟ ಪೆಟ್ಟಿಗೆಗಳಲ್ಲಿ ಹಲವು ಎಸ್.ಎಫ್.ಎಕ್ಸ್. ಎಂಬ ಕಿರಿಯ ವಿದ್ಯುತ್ ಘಟಕವನ್ನು ಬೇಡುತ್ತವೆ, ಅದೂ ದುಬಾರಿ. ಆದ್ದರಿಂದ ಜಾಗವೂ ಉಳಿಯಬೇಕು, ಹಣವೂ ಉಳಿಯಬೇಕು ಎನ್ನುವವರಿಗೆ ಮೈಕ್ರೋ ಎ.ಟಿ.ಎಕ್ಸ್. ಹದವಾದ ದಾರಿ.

ಲೀಟರಿನಲ್ಲಿ ಲೆಕ್ಕ ಹಾಕಿ

ಪೆಟ್ಟಿಗೆಯ ವಿವರಗಳಲ್ಲಿ ಮಿನಿ, ಸ್ಲಿಮ್, ಕಾಂಪ್ಯಾಕ್ಟ್ ಎಂಬ ಪದಗಳು ಧಾರಾಳವಾಗಿ ಬರುತ್ತವೆ. ಅವನ್ನು ನಂಬುವ ಬದಲು ಅಗಲ, ಎತ್ತರ, ಆಳಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. ಬಂದ ಉತ್ತರ ಲೀಟರ್. 21 ಸೆಂ.ಮೀ. ಅಗಲ, 46 ಸೆಂ.ಮೀ. ಎತ್ತರ, 44 ಸೆಂ.ಮೀ. ಆಳದ ಎ.ಟಿ.ಎಕ್ಸ್. ಪೆಟ್ಟಿಗೆ 42 ಲೀಟರಿಗಿಂತ ತುಸು ಹೆಚ್ಚು. ಎಂದರೆ, ಕುಡಿಯುವ ನೀರಿನ 20 ಲೀಟರ್ ಕ್ಯಾನುಗಳು ಎರಡಕ್ಕಿಂತ ಮಿಗಿಲು. 20, 38, 38 ಸೆಂ.ಮೀ. ಅಳತೆಯ ಮೈಕ್ರೋ ಪೆಟ್ಟಿಗೆ ಸುಮಾರು 29 ಲೀಟರ್, ಒಂದೂವರೆ ಕ್ಯಾನು. ಮೇಜಿನ ಕೆಳಗಿನ ಗೂಡಿನಲ್ಲಿ ಇದು ಸಲೀಸಾಗಿ ಕೂರುತ್ತದೆ. 10 ಲೀಟರಿನ ಪೆಟ್ಟಿಗೆಗಳೂ ಇವೆ. ಆದರೆ ಒಂದೊಂದು ಲೀಟರ್ ಕಡಿಮೆಯಾದಂತೆಲ್ಲ ಒಳಗೆ ಕೈಯಾಡಿಸುವ ಜಾಗವೂ ಗಾಳಿಯಾಡುವ ಜಾಗವೂ ಕಡಿಮೆಯಾಗುತ್ತವೆ ಎಂಬುದನ್ನು ಮರೆಯಬಾರದು.

ಗೂಡನ್ನು ಅಳೆಯುವಾಗ ಹಿಂಬದಿಗೆ ಕನಿಷ್ಠ ನಾಲ್ಕು ಇಂಚು ಬಿಟ್ಟು ಲೆಕ್ಕ ಹಾಕಿ. ವೈರುಗಳು ಅಲ್ಲಿಂದಲೇ ಹೊರಡಬೇಕು, ಬಿಸಿಗಾಳಿಯೂ ಅಲ್ಲಿಂದಲೇ ಹೊರಬೀಳಬೇಕು.

ಒಳಗಿನ ಮೂರು ಗಡಿಗಳು

ಬೋರ್ಡ್ ಹಿಡಿಸಿತು ಎಂದ ಮಾತ್ರಕ್ಕೆ ಎಲ್ಲವೂ ಹಿಡಿಸಿತು ಎಂದಲ್ಲ. ಪ್ರತಿ ಕ್ಯಾಬಿನೆಟಿನ ವಿವರಪತ್ರದಲ್ಲೂ ಇನ್ನು ಮೂರು ಅಂಕಿಗಳನ್ನು ಹುಡುಕಬೇಕು.

ಮೊದಲನೆಯದು, ಪ್ರೊಸೆಸರನ್ನು ತಂಪಾಗಿಡುವ ಕೂಲರಿನ ಎತ್ತರ. ಪ್ರೊಸೆಸರಿನ ಜೊತೆಗೇ ಬರುವ ಕೂಲರುಗಳು ಸುಮಾರು 45ರಿಂದ 75 ಮಿ.ಮೀ. ಎತ್ತರವಿರುತ್ತವೆ. 120 ಮಿ.ಮೀ. ಫ್ಯಾನ್ ಹೊತ್ತ ಗೋಪುರದಂಥ ಕೂಲರುಗಳಿಗೆ 150ರಿಂದ 160 ಮಿ.ಮೀ. ಬೇಕು. ಪೆಟ್ಟಿಗೆ ಕಿರಿದಾದಷ್ಟೂ ಇದಕ್ಕೆ ಸಿಗುವ ಜಾಗ ಕಡಿಮೆ. ಐದು ಮಿಲಿಮೀಟರ್ ತಪ್ಪಿದರೂ ಪಕ್ಕದ ಮುಚ್ಚಳ ಮುಚ್ಚದು.

ಎರಡನೆಯದು, ಗ್ರಾಫಿಕ್ಸ್ ಕಾರ್ಡಿನ ಉದ್ದ. ಒಂದು ಫ್ಯಾನಿನ ಚಿಕ್ಕ ಕಾರ್ಡ್ 170 ಮಿ.ಮೀ. ಆಸುಪಾಸು, ಎರಡು ಫ್ಯಾನಿನವು ಹೆಚ್ಚಾಗಿ 200ರಿಂದ 250, ಮೂರು ಫ್ಯಾನಿನವು 300 ದಾಟುತ್ತವೆ. ಪತ್ರ ಬರೆಯಲು, ಲೆಕ್ಕ ಇಡಲು, ಪಾಠದ ವಿಡಿಯೋ ನೋಡಲು ಪ್ರತ್ಯೇಕ ಕಾರ್ಡೇ ಬೇಡ. ಚಿತ್ರ ಮೂಡಿಸುವ ಭಾಗ ಹಲವು ಪ್ರೊಸೆಸರುಗಳ ಒಳಗೇ ಇರುತ್ತದೆ. ಆದರೆ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಅಕ್ಷರವಿದ್ದರೆ ಅದರಲ್ಲಿ ಆ ಭಾಗ ಕೆಲಸಕ್ಕೆ ಬರುವಂತಿಲ್ಲ ಎಂದು ತಿಳಿಯಿರಿ. ಅಂಥದ್ದನ್ನು ಕೊಂಡರೆ ಕಾರ್ಡೂ ಬೇಕು, ಅದಕ್ಕೆ ತಕ್ಕ ಜಾಗವೂ ಬೇಕು.

ಮೂರನೆಯದು, ವಿದ್ಯುತ್ ಘಟಕದ ಅಳತೆ. ಇದನ್ನು ಅಂಗಡಿಯವರು ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಸಾಮಾನ್ಯ ಎ.ಟಿ.ಎಕ್ಸ್. ಘಟಕ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ, ಬಹುತೇಕ 140 ಮಿ.ಮೀ. ಆಳ ಇರುತ್ತದೆ. ಎಸ್.ಎಫ್.ಎಕ್ಸ್. ಘಟಕ 125, 63.5, 100 ಮಿ.ಮೀ. ನಿಮ್ಮ ಪೆಟ್ಟಿಗೆ ಯಾವುದನ್ನು ಒಪ್ಪುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಸಾಮಾನ್ಯ ಘಟಕ ಒಪ್ಪುವ ಪೆಟ್ಟಿಗೆಯೇ ಜೇಬಿಗೆ ಹಿತ.

ಬಿಸಿಲ ನಾಡಿನಲ್ಲಿ ಗಾಳಿಯೇ ಮುಖ್ಯ

65 ವ್ಯಾಟ್ ಎಂದು ನಮೂದಾದ ಪ್ರೊಸೆಸರ್ ಹಿಂದಿನ ಕಾಲದ 60 ವ್ಯಾಟ್ ಬುರುಡೆ ಬಲ್ಬಿನಷ್ಟು ಶಾಖ ಹೊರಹಾಕುತ್ತದೆ. ಭಾರಿ ಕೆಲಸದಲ್ಲಿ ಇನ್ನೂ ಹೆಚ್ಚು. ಉರಿಯುವ ಬಲ್ಬಿನ ಮೇಲೆ ಪಾತ್ರೆ ಕವುಚಿಟ್ಟರೆ ಏನಾದೀತೆಂದು ಊಹಿಸಿಕೊಳ್ಳಿ. ಗಾಳಿಯಾಡದ ಪೆಟ್ಟಿಗೆಯೂ ಅಂಥದ್ದೇ ಪಾತ್ರೆ.

ಇಲ್ಲಿ ಒಂದು ಸರಳ ಲೆಕ್ಕವಿದೆ. ಅದೇ ಕೆಲಸಕ್ಕೆ, ಫ್ಯಾನು ಅದೇ ವೇಗದಲ್ಲಿ ತಿರುಗುತ್ತಿದ್ದರೆ, ಪ್ರೊಸೆಸರ್ ಕೋಣೆಗಿಂತ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ಅದು 75 ಡಿಗ್ರಿ ಮುಟ್ಟಿದರೆ, 40 ಡಿಗ್ರಿಯ ಕೋಣೆಯಲ್ಲಿ 90ರ ಹತ್ತಿರ ಹೋಗುತ್ತದೆ. ಬಹುಪಾಲು ಪ್ರೊಸೆಸರುಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪುತ್ತಲೇ ತಮ್ಮನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತವೆ. ಬೆಂಗಳೂರಿನಲ್ಲಿ ಚೆನ್ನಾಗಿ ನಡೆದ ಪೆಟ್ಟಿಗೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಮುಗ್ಗರಿಸುವುದು ಇದಕ್ಕೇ. ಚಿಕ್ಕ ಪೆಟ್ಟಿಗೆಯ ವಿಮರ್ಶೆ ಓದುವಾಗ ಅದನ್ನು ಯಾವ ಹವೆಯಲ್ಲಿ ಪರೀಕ್ಷಿಸಿದ್ದಾರೆ ಎಂಬುದನ್ನೂ ಗಮನಿಸಬೇಕು.

ಆದ್ದರಿಂದ ಮುಂಬದಿಯಲ್ಲಿ ಜಾಲರಿ ಇರುವ ಪೆಟ್ಟಿಗೆಯನ್ನೇ ಹುಡುಕಿ. ಮುಂದೆ ಇಡಿಯಾಗಿ ಗಾಜು ಅಥವಾ ಪ್ಲಾಸ್ಟಿಕ್ ಹಲಗೆ ಹೊದ್ದು, ಬಣ್ಣದ ದೀಪ ಮಿನುಗಿಸುವ ಪೆಟ್ಟಿಗೆ ಅಂಗಡಿಯಲ್ಲಿ ಅಂದವಾಗಿ ಕಾಣುತ್ತದೆ. ಗಾಳಿಗೆ ಮಾತ್ರ ಬಾಗಿಲು ಹಾಕಿದಂತೆ. ಮುಂದೆ ಗಾಳಿ ಒಳಗೆಳೆಯುವ 120 ಮಿ.ಮೀ. ಫ್ಯಾನ್ ಒಂದು, ಹಿಂದೆ ಹೊರದಬ್ಬುವ ಫ್ಯಾನ್ ಒಂದು: ಗೃಹಬಳಕೆಗೆ ಇಷ್ಟು ಸಾಕು. ಬಯಲುಸೀಮೆಯ ಧೂಳಿಗೆ, ಗಾಳಿ ಒಳಹೋಗುವ ಕಡೆ ಕಳಚಿ ತೊಳೆಯಬಹುದಾದ ಫಿಲ್ಟರ್ ಇದ್ದರೆ ಉತ್ತಮ. ಹೊರಹೋಗುವುದಕ್ಕಿಂತ ಒಳಬರುವ ಗಾಳಿ ತುಸು ಹೆಚ್ಚಿದ್ದರೆ, ಸಂದುಗೊಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಗಾಜಿನ ಪಕ್ಕದ ಹಲಗೆ, ಬಣ್ಣದ ದೀಪ, ಮೂರು ನಾಲ್ಕು ಹೆಚ್ಚುವರಿ ಫ್ಯಾನುಗಳು — ಇವನ್ನು ಬಿಟ್ಟರೆ ನಷ್ಟವಿಲ್ಲ. ಡಿಸ್ಕುಗಳಿಗೆಂದು ಸಾಲು ಗೂಡುಗಳೂ ಬೇಡ. ಈಗಿನ ಎಂ.2 ಸಂಗ್ರಹ ಫಲಕ ಸಾಮಾನ್ಯವಾಗಿ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದವಿದ್ದು ನೇರವಾಗಿ ಬೋರ್ಡಿನ ಮೇಲೆಯೇ ಮಲಗುತ್ತದೆ.

ಉಳಿಸಬಾರದ ಜಾಗ ಎಂದರೆ ಎಸ್.ಎಂ.ಪಿ.ಎಸ್. ಅಗ್ಗದ ಕ್ಯಾಬಿನೆಟುಗಳಲ್ಲಿ ಇದನ್ನು ಜೊತೆಗೇ ಸೇರಿಸಿ ಕೊಡುವುದುಂಟು. ಅಂಥದ್ದನ್ನು ತೆಗೆದುಕೊಳ್ಳುವ ಮುನ್ನ ಅದರ ಪಕ್ಕದ ಚೀಟಿ ಓದಿ. ದೊಡ್ಡಕ್ಷರದಲ್ಲಿ 450 ವ್ಯಾಟ್ ಎಂದಿರಬಹುದು. ನೀವು ನೋಡಬೇಕಾದದ್ದು 12 ವೋಲ್ಟ್ ಎಂಬ ಅಂಕಣದ ಕೆಳಗಿನ ಆಂಪಿಯರನ್ನು. ಅಲ್ಲಿ 18 ಎಂದಿದ್ದರೆ 12ರಿಂದ ಗುಣಿಸಿ: 216 ವ್ಯಾಟ್. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಮುಖ್ಯವಾಗಿ ಒದಗುವುದು ಈ ಸಾಲಿನ ಶಕ್ತಿಯೇ. ಘಟಕ ಕೆಟ್ಟರೆ ತಾನೊಂದೇ ಕೆಡುವುದಿಲ್ಲ. ಬೋರ್ಡನ್ನೂ ಡಿಸ್ಕಿನಲ್ಲಿರುವ ಮನೆಯ ಫೋಟೋಗಳನ್ನೂ ತನ್ನೊಡನೆ ಕರೆದೊಯ್ಯಬಹುದು. ಪೆಟ್ಟಿಗೆಯನ್ನು ಸಾದಾ ಕೊಂಡು, ಉಳಿದ ಹಣವನ್ನು ಹೆಸರುವಾಸಿ ಘಟಕಕ್ಕೆ ಹಾಕುವುದು ಜಾಣತನ.

ಇದರ ಜೊತೆಗೇ ಹೇಳಬೇಕಾದ ಮಾತು ಅರ್ಥಿಂಗಿನದು. ಲೋಹದ ಪೆಟ್ಟಿಗೆ ಪ್ಲಗ್ಗಿನ ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಸೇರಿರಬೇಕು. ಆ ಸಂಪರ್ಕ ತಪ್ಪಿದರೆ, ಘಟಕದೊಳಗಿನ ಸೋಸುವ ಮಂಡಲದಿಂದಾಗಿ ಮನೆಯ ವಿದ್ಯುತ್ತಿನ ಸುಮಾರು ಅರ್ಧದಷ್ಟು ವೋಲ್ಟೇಜ್ ಕವಚದ ಮೇಲೆ ತೋರಬಹುದು. ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಇದರಿಂದ. ಹರಿಯುವ ಕರೆಂಟು ಅಲ್ಪವಾದರೂ, ರಕ್ಷಣೆಯ ದಾರಿ ಮುಚ್ಚಿದೆ ಎಂಬುದಕ್ಕೆ ಅದು ಎಚ್ಚರಿಕೆ. ನಾಳೆ ಒಳಗೆ ನಿಜವಾದ ದೋಷ ಉಂಟಾದರೆ ಪ್ರಾಣಕ್ಕೇ ಕುತ್ತು. ಮೂರನೆಯ ಪಿನ್ನನ್ನು ಕೀಳಬೇಡಿ, ಎರಡು ಪಿನ್ನಿನ ಅಡಾಪ್ಟರ್ ಹಾಕಬೇಡಿ. ಗೋಡೆಯ ಸಾಕೆಟ್ಟನ್ನು ಎಲೆಕ್ಟ್ರೀಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸಿ.

ಅಂಗಡಿಯಲ್ಲಿ ಕೈಯಿಂದ ನೋಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಪೆಟ್ಟಿಗೆಯನ್ನು ಮುಟ್ಟಿ ನೋಡುವ ಅನುಕೂಲವಿದೆ. ಪಕ್ಕದ ತಗಡನ್ನು ಹೆಬ್ಬೆರಳಿನಿಂದ ಒತ್ತಿ. ಡಬ್ಬದ ಮುಚ್ಚಳದಂತೆ ಒಳಗೆ ಬಾಗಿದರೆ ತಗಡು ತೆಳು ಎಂದರ್ಥ. ಅಂಥದ್ದು ಫ್ಯಾನಿನ ಜೊತೆ ತಾನೂ ಗುಂಯ್‌ಗುಡುತ್ತದೆ. ಒಳಗಿನ ಅಂಚುಗಳು ಮಡಿಸಿದಂತಿವೆಯೇ, ಕೈ ಕೊಯ್ಯುವಂತಿವೆಯೇ ನೋಡಿ. ಹಿಂಬದಿಯಲ್ಲಿ ಕಾರ್ಡ್ ಕೂರುವ ಸೀಳುಗಳ ಮುಚ್ಚಳಗಳು ಸ್ಕ್ರೂ ಹಾಕಿದವಾಗಿರಲಿ. ಅಗ್ಗದವುಗಳಲ್ಲಿ ಇವನ್ನು ಮುರಿದೇ ತೆಗೆಯಬೇಕು. ಒಮ್ಮೆ ಮುರಿದರೆ ಆ ಬಾಯಿ ತೆರೆದೇ ಉಳಿಯುತ್ತದೆ. ಜಿರಲೆಗೂ ಹಲ್ಲಿಮರಿಗೂ ಬೆಚ್ಚನೆಯ ಮನೆ ಸಿಕ್ಕಂತಾಗುತ್ತದೆ.

ಮನೆಗೆ ತಂದ ಮೇಲೆ ಪೆಟ್ಟಿಗೆಯನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ನೆಲ ಒರೆಸುವ ನೀರು ತಾಗದಂತೆ ಒಂದು ಮಣೆಯ ಮೇಲೆ ಇಡಿ.

ಇನ್ನು ಕೊಳ್ಳುವ ಕ್ರಮ. ಮೊದಲು ಪ್ರೊಸೆಸರ್ ಮತ್ತು ಬೋರ್ಡ್, ಆಮೇಲೆ ಕೂಲರ್, ಬೇಕಿದ್ದರೆ ಗ್ರಾಫಿಕ್ಸ್ ಕಾರ್ಡ್, ಆಮೇಲೆ ವಿದ್ಯುತ್ ಘಟಕ ಯಾವುದೆಂದು ನಿಶ್ಚಯಿಸಿ, ಕ್ಯಾಬಿನೆಟ್ ಕೊನೆಗೆ. ಹೊರಡುವ ಮುನ್ನ ನಿಮ್ಮ ಚೀಟಿಯಲ್ಲಿ ಇವು ಇರಲಿ: ಗೂಡಿನ ಅಗಲ, ಎತ್ತರ, ಆಳ, ಬೋರ್ಡಿನ ಅಳತೆ, ಕೂಲರಿನ ಎತ್ತರ, ಕಾರ್ಡಿನ ಉದ್ದ, ಎಸ್.ಎಂ.ಪಿ.ಎಸ್. ಮಾದರಿ. ಅಂಗಡಿಯವರು ಯಾವ ಪೆಟ್ಟಿಗೆಯನ್ನು ಹೊಗಳಿದರೂ ಚೀಟಿಯ ಅಂಕಿಗಳೊಡನೆ ತಾಳೆ ನೋಡಿ. ಒಂದು ಅಂಕಿ ಹೊಂದದಿದ್ದರೂ ಪಕ್ಕದ ಪೆಟ್ಟಿಗೆಯನ್ನು ತೋರಿಸಲು ಕೇಳಿ. ಕೇಳಲು ಸಂಕೋಚ ಬೇಡ.